ಸಂಶೋಧನಾ ಪೇಪರ್ ಓದುವ ಕ್ರಮ: ವಿಜ್ಞಾನಕ್ಕೊಂದು, ಎಂಜಿನಿಯರಿಂಗಿಗೊಂದು, ಶಿಕ್ಷಣಕ್ಕೊಂದು

ಎಂ.ಎಸ್‌ಸಿ. ಪ್ರಾಜೆಕ್ಟ್, ಎಂ.ಟೆಕ್. ಡಿಸರ್ಟೇಶನ್, ಎಂ.ಎಡ್. ಲಘುಪ್ರಬಂಧ, ಯಾವುದೇ ಇರಲಿ, ಗೈಡ್ ಹೇಳುವ ಮೊದಲ ಮಾತು ‘ಲಿಟರೇಚರ್ ಸರ್ವೆ ಮಾಡಿಕೊಂಡು ಬಾ’ ಎಂದು, ಅಂದರೆ ನಿನ್ನ ವಿಷಯದಲ್ಲಿ ಈಗಾಗಲೇ ಆಗಿರುವ ಸಂಶೋಧನೆಯನ್ನು ಓದಿ ವಿಮರ್ಶಿಸಿ ಬಾ ಎಂದು. ಹೇಗೆ ಮಾಡಬೇಕೆಂದು ಹೇಳಿಕೊಡುವವರು ಕಡಿಮೆ. ಹಾಗಾಗಿ ಹೆಚ್ಚಿನವರು ಸಾರಾಂಶವನ್ನು ಓದಿ, ‘ಇವರು 2019ರಲ್ಲಿ ಹೀಗೆ ಹೇಳಿದ್ದಾರೆ, ಅವರು 2021ರಲ್ಲಿ ಹಾಗೆ ಹೇಳಿದ್ದಾರೆ’ ಎಂದು ಇಪ್ಪತ್ತು ಪ್ಯಾರಾ ಜೋಡಿಸಿ ತಂದುಕೊಡುತ್ತಾರೆ. ಅದು ಸರ್ವೆ ಅಲ್ಲ, ಹಾಜರಿ ಪಟ್ಟಿ.

ಪೇಪರ್ ಯಾವ ಕ್ಷೇತ್ರದ್ದಾದರೂ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಇವರು ಯಾವುದನ್ನು ಯಾವುದರ ಜೊತೆ ಹೋಲಿಸಿದ್ದಾರೆ? ಉತ್ತರ ಸಿಗುವ ಜಾಗ ಮಾತ್ರ ಕ್ಷೇತ್ರಕ್ಕೊಂದು. ಭೌತವಿಜ್ಞಾನದ ಪೇಪರಿನ ದೌರ್ಬಲ್ಯ ಗ್ರಾಫಿನಲ್ಲಿ ಕಾಣುತ್ತದೆ, ಎಂಜಿನಿಯರಿಂಗಿನದು ಪರೀಕ್ಷೆ ನಡೆಸಿದ ಪರಿಸ್ಥಿತಿಯಲ್ಲಿ, ಶಿಕ್ಷಣದ್ದು ಸ್ಯಾಂಪಲ್ ಬಗ್ಗೆ ಬರೆದ ನಾಲ್ಕು ಸಾಲಿನಲ್ಲಿ.

ಹುಡುಕುವುದು

ಗೂಗಲ್ ಸ್ಕಾಲರ್‌ನಿಂದ ಶುರುಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಒಂದು ಹುಡುಕಾಟಕ್ಕೆ ಲಕ್ಷ ಫಲಿತಾಂಶ ಇದೆ ಎಂದು ಅದು ತೋರಿಸಿದರೂ ನೋಡಲು ಬಿಡುವುದು ಮೊದಲ ಸಾವಿರವನ್ನು ಮಾತ್ರ. ಆದ್ದರಿಂದ ಪದಗಳನ್ನು ಬಿಗಿ ಮಾಡಬೇಕು. ಜೊತೆಯಾಗಿಯೇ ಬರಬೇಕಾದ ಪದಗಳನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಬೇಡದ ಅರ್ಥ ನುಗ್ಗುತ್ತಿದ್ದರೆ ಆ ಅರ್ಥದ ಪದ ಶುರುವಾಗುವ ಮೊದಲು, ನಡುವೆ ಜಾಗ ಬಿಡದೆ, ಮೈನಸ್ ಚಿಹ್ನೆ ಹಾಕಿ. ಎಡಗಡೆಯ ಮೂರು ಗೆರೆಯ ಮೆನುವಿನಲ್ಲಿ ಅಡ್ವಾನ್ಸ್ಡ್ ಸರ್ಚ್ ಇದೆ. ಅಲ್ಲಿ ಪದ ಶೀರ್ಷಿಕೆಯಲ್ಲೇ ಇರಬೇಕು ಎಂದು ಕೇಳಿದರೆ ಫಲಿತಾಂಶ ಒಮ್ಮೆಗೇ ಕೈಗೆ ಸಿಗುವಷ್ಟಕ್ಕೆ ಇಳಿಯುತ್ತದೆ.

ಹುಡುಕಾಟ ಕೆಡುವುದು ಹೆಚ್ಚಾಗಿ ಹೆಸರಿನಿಂದ. ನಲಿ-ಕಲಿಯ ಬಗ್ಗೆ ಹುಡುಕುತ್ತೀರಿ ಎನ್ನಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ ಇದು. ಇಂಗ್ಲಿಷ್ ಪೇಪರುಗಳಲ್ಲಿ ಈ ಹೆಸರು ಎರಡು ಪದವಾಗಿ, ಒಂದೇ ಪದವಾಗಿ, ನಡುವೆ ಅಡ್ಡಗೆರೆ ಹಾಕಿ, ಹೀಗೆ ಮೂರು ರೂಪದಲ್ಲಿ ಬರುತ್ತದೆ. ಇದಕ್ಕೆ ಪ್ರೇರಣೆಯಾದ ಕೆಲಸ ‘ರಿಷಿವ್ಯಾಲಿ’ ಹೆಸರಿನಲ್ಲಿದೆ, ತಮಿಳುನಾಡಿನಲ್ಲಿ ಇದರ ಬಂಧುವಿನ ಹೆಸರು ‘ಆ್ಯಕ್ಟಿವಿಟಿ ಬೇಸ್ಡ್ ಲರ್ನಿಂಗ್’, ಒಬ್ಬ ಶಿಕ್ಷಕರು ಹಲವು ತರಗತಿಗೆ ಒಟ್ಟಿಗೆ ಕಲಿಸುವುದನ್ನು ಬೇರೆ ದೇಶದವರು ‘ಮಲ್ಟಿಗ್ರೇಡ್ ಟೀಚಿಂಗ್’ ಎನ್ನುತ್ತಾರೆ. ಈ ನಾಲ್ಕೂ ಬಾಗಿಲು ತಟ್ಟದೆ ‘ನನ್ನ ವಿಷಯದಲ್ಲಿ ಕೆಲಸವೇ ಆಗಿಲ್ಲ’ ಎಂದು ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಒಂದು ಒಳ್ಳೆಯ ಪೇಪರ್ ಸಿಕ್ಕ ಕೂಡಲೇ ಅದರ ಕೀವರ್ಡ್ ಸಾಲನ್ನು ನೋಡಿ; ಆ ಕ್ಷೇತ್ರದವರು ಬಳಸುವ ಪದ ಅಲ್ಲಿರುತ್ತದೆ.

ನಂತರ ಎರಡು ದಿಕ್ಕಿಗೆ ನಡೆಯಿರಿ. ಪೇಪರಿನ ಕೊನೆಯ ಉಲ್ಲೇಖ ಪಟ್ಟಿ ಹಿಂದಕ್ಕೆ ಕರೆದೊಯ್ಯುತ್ತದೆ. ಸ್ಕಾಲರ್‌ನಲ್ಲಿ ಅದರ ಕೆಳಗಿರುವ ‘ಸೈಟೆಡ್ ಬೈ’ ಮುಂದಕ್ಕೆ ಒಯ್ಯುತ್ತದೆ. ಈ ಎರಡನೆಯದನ್ನು ಮರೆಯುವವರೇ ಜಾಸ್ತಿ. 2015ರ ಪೇಪರಿನ ಫಲಿತಾಂಶವನ್ನು 2020ರಲ್ಲಿ ಯಾರೋ ಬೀಳಿಸಿದ್ದರೆ ಅದು ತಿಳಿಯುವುದು ಇಲ್ಲಿಂದಲೇ.

ಕ್ಷೇತ್ರವಾರು ಜಾಗಗಳೂ ಇವೆ. ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ವಿಜ್ಞಾನಕ್ಕೆ 1991ರಿಂದ ನಡೆಯುತ್ತಿರುವ ಆರ್ಕೈವ್, ಜೀವವಿಜ್ಞಾನ ಮತ್ತು ವೈದ್ಯಕ್ಕೆ ಪಬ್‌ಮೆಡ್, ಎಲೆಕ್ಟ್ರಾನಿಕ್ಸ್‌ಗೆ ಐಇಇಇ ಎಕ್ಸ್‌ಪ್ಲೋರ್, ಶಿಕ್ಷಣಕ್ಕೆ ಅಮೆರಿಕದ ಎರಿಕ್. ಭಾರತದ ಪಿಎಚ್.ಡಿ. ಮಹಾಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ಅಧ್ಯಾಯವಾರು ಪಿಡಿಎಫ್ ಆಗಿ ಸಿಗುತ್ತವೆ. ಈ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಲಿಟರೇಚರ್ ಸರ್ವೆ ಇರುವ ಎರಡನೇ ಅಧ್ಯಾಯ ಬಹಳ ಉಪಯುಕ್ತ, ಬಹಳ ಅಪಾಯಕಾರಿಯೂ ಹೌದು. ಅಲ್ಲಿನ ಉಲ್ಲೇಖಗಳು ಎಷ್ಟೋ ಸಲ ಬೇರೊಂದು ಥೀಸಿಸ್‌ನಿಂದ ಎತ್ತಿದವು, ಅದು ಇನ್ನೊಂದರಿಂದ. ಮೂಲ ಪೇಪರ್ ತೆರೆದು ನೋಡದೆ ಒಂದು ಸಾಲನ್ನೂ ಅಲ್ಲಿಂದ ತೆಗೆದುಕೊಳ್ಳಬೇಡಿ.

ದುಡ್ಡು ಕೇಳುವ ಪೇಪರ್ ಬಂದರೆ ಕಾರ್ಡ್ ತೆಗೆಯುವ ಮೊದಲು ಸ್ಕಾಲರ್‌ನ ‘ಆಲ್ ವರ್ಶನ್ಸ್’ ಒತ್ತಿ. ಲೇಖಕರು ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಹಾಕಿರುವ ಪ್ರತಿ ಅಲ್ಲಿ ಸಿಗಬಹುದು. ಅನ್‌ಪೇವಾಲ್ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಇದೇ ಕೆಲಸವನ್ನು ತಾನಾಗಿ ಮಾಡುತ್ತದೆ. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯದವರಾದರೆ 2025ರ ಜನವರಿಯಿಂದ ಜಾರಿಗೆ ಬಂದ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ನಿಮಗೆ ತೆರೆದಿವೆ. ಲಾಗಿನ್ ಲೈಬ್ರರಿಯನ್ ಹತ್ತಿರ ಇರುತ್ತದೆ, ಕೇಳಿ ಪಡೆಯಿರಿ.

ಈಚೆಗೆ ಹೊಸದೊಂದು ಕಾಟ ಸೇರಿಕೊಂಡಿದೆ. ಚಾಟ್‌ಬಾಟ್‌ಗೆ ‘ಹತ್ತು ಉಲ್ಲೇಖ ಕೊಡು’ ಎಂದರೆ ಹತ್ತರಲ್ಲಿ ಕೆಲವು ಎಲ್ಲೂ ಇಲ್ಲದ ಪೇಪರುಗಳಾಗಿರಬಹುದು. ಲೇಖಕರ ಹೆಸರು ನಿಜ, ಜರ್ನಲ್ ನಿಜ, ಪೇಪರ್ ಮಾತ್ರ ಸುಳ್ಳು. ಪ್ರತಿ ಉಲ್ಲೇಖದ ಡಿಒಐ, ಅಂದರೆ 10 ಮತ್ತು ಚುಕ್ಕಿಯಿಂದ ಶುರುವಾಗುವ ಗುರುತಿನ ಸಂಖ್ಯೆಯನ್ನು, ಡಿಒಐ ಜಾಲತಾಣದಲ್ಲಿ ಹಾಕಿ ನೋಡಿ. ತೆರೆದ ಪುಟದ ಶೀರ್ಷಿಕೆ ಹೊಂದದಿದ್ದರೆ ಆ ಉಲ್ಲೇಖವನ್ನು ಅಳಿಸಿ.

ಐದು ನಿಮಿಷದ ಸೋಸುವಿಕೆ

ಅರವತ್ತು ಪೇಪರ್ ಇಳಿಸಿಕೊಂಡು ಅರವತ್ತನ್ನೂ ಓದಲು ಹೊರಟರೆ ಹನ್ನೆರಡನೆಯದರ ಹೊತ್ತಿಗೆ ಕೈಬಿಡುತ್ತೀರಿ. ಅರವತ್ತರಲ್ಲಿ ಇಪ್ಪತ್ತನ್ನು ಅರ್ಧ ಗಂಟೆಯಂತೆ ಓದಿ, ಅದರಲ್ಲಿ ಎಂಟನ್ನು ಮಾತ್ರ ಮೂರು ನಾಲ್ಕು ಗಂಟೆ ಕೂತು ಬಿಡಿಸಿ. ಉಳಿದ ನಲವತ್ತಕ್ಕೆ ಐದೈದು ನಿಮಿಷ ಸಾಕು.

ಆ ಐದು ನಿಮಿಷದಲ್ಲಿ ಶೀರ್ಷಿಕೆ, ಸಾರಾಂಶ, ಪೀಠಿಕೆಯ ಕೊನೆಯ ಪ್ಯಾರಾ, ಚಿತ್ರ ಮತ್ತು ಕೋಷ್ಟಕಗಳು ಅವುಗಳ ಅಡಿಬರಹದ ಸಮೇತ. ಇಷ್ಟೇ. ಪೀಠಿಕೆಯ ಮೊದಲ ಪುಟವನ್ನು ಬಿಡಿ. ಜಗತ್ತಿಗೆ ಈ ವಿಷಯ ಎಷ್ಟು ಮುಖ್ಯ ಎಂದು ಎಲ್ಲರೂ ಬರೆಯುವ ಮಾತು ಅಲ್ಲಿರುತ್ತದೆ. ಚರ್ಚೆಯ ಭಾಗವನ್ನೂ ಈಗ ಮುಟ್ಟಬೇಡಿ. ಲೇಖಕರ ವ್ಯಾಖ್ಯಾನ ಮೊದಲೇ ತಲೆಗೆ ಹೋದರೆ ಕೋಷ್ಟಕ ಅದನ್ನೇ ಹೇಳುತ್ತಿರುವಂತೆ ಕಾಣತೊಡಗುತ್ತದೆ.

ಇದೇ ಹೊತ್ತಿನಲ್ಲಿ ಪೇಪರಿನ ಜಾತಕವನ್ನೂ ನೋಡಿಬಿಡಿ. ಪ್ರಿಪ್ರಿಂಟ್ ಆದರೆ ಪೀರ್ ರಿವ್ಯೂ, ಅಂದರೆ ಅದೇ ಕ್ಷೇತ್ರದ ಬೇರೆ ತಜ್ಞರ ಪರಿಶೀಲನೆ, ಆಗಿಲ್ಲ ಎಂದರ್ಥ. ಯಾವ ಆವೃತ್ತಿಯನ್ನು ಓದಿದಿರಿ, ಒಂದನೆಯದೋ ಮೂರನೆಯದೋ, ಬರೆದುಕೊಳ್ಳಿ, ಏಕೆಂದರೆ ಆವೃತ್ತಿಗಳ ನಡುವೆ ಅಂಕಿಗಳೇ ಬದಲಾಗುವುದುಂಟು. ಹಿಂತೆಗೆದುಕೊಂಡ ಪೇಪರುಗಳ ದಾಖಲೆ ರಿಟ್ರಾಕ್ಶನ್ ವಾಚ್‌ನಲ್ಲಿದೆ. ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊ ಎಂಬ ತಂತ್ರಾಂಶದಲ್ಲಿ ಇಟ್ಟುಕೊಂಡರೆ ಅಂಥ ಪೇಪರಿನ ಮೇಲೆ ಅದೇ ಕೆಂಪು ಪಟ್ಟಿ ತೋರಿಸುತ್ತದೆ. ಜರ್ನಲ್ ಬಗ್ಗೆ ಅನುಮಾನವಿದ್ದರೆ ಸಂಪಾದಕ ಮಂಡಳಿಯ ಇಬ್ಬರ ಹೆಸರನ್ನು ಅವರ ಸಂಸ್ಥೆಯ ಪುಟದಲ್ಲಿ ಹುಡುಕಿ. ‘ಮೂರು ದಿನದಲ್ಲಿ ಸ್ವೀಕಾರ’ ಎಂದು ಜಾಹೀರಾತು ಹಾಕುವ ಕಡೆ ರಿವ್ಯೂ ನಡೆದಿರುವುದಿಲ್ಲ. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದ್ದಾರೆ, ಆದ್ದರಿಂದ ‘ಪಟ್ಟಿಯಲ್ಲಿದೆ, ಸಾಕು’ ಎನ್ನುವ ಅನುಕೂಲವೂ ಈಗಿಲ್ಲ.

ವಿಜ್ಞಾನ: ಗ್ರಾಫಿನಿಂದ ಶುರು

ಪ್ರಯೋಗವಿಜ್ಞಾನದ ಪೇಪರಿನಲ್ಲಿ ಮೊದಲು ನೋಡಬೇಕಾದ್ದು ಗ್ರಾಫಿನ ಮೇಲಿನ ದೋಷಪಟ್ಟಿ, ಎಲ್ಲರೂ ಎರರ್ ಬಾರ್ ಎನ್ನುವುದು. ಅದು ಏನು ಎಂದು ಅಡಿಬರಹದಲ್ಲಿ ಹೇಳಿರಬೇಕು. ಮಾನಕ ವಿಚಲನೆಯಾದರೆ ಅಳತೆಗಳು ಎಷ್ಟು ಚದುರಿವೆ ಎಂದು ತೋರಿಸುತ್ತದೆ. ಸ್ಟ್ಯಾಂಡರ್ಡ್ ಎರರ್ ಆದರೆ ಸರಾಸರಿಯನ್ನು ಎಷ್ಟು ನಿಖರವಾಗಿ ಬಲ್ಲೆವು ಎಂದು. ಎರಡನೆಯದು ಮೊದಲನೆಯದನ್ನು ಅಳತೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ ಬಂದದ್ದು. ಒಂಬತ್ತು ಅಳತೆ ಇದ್ದು ಮಾನಕ ವಿಚಲನೆ 6 ಆದರೆ ಸ್ಟ್ಯಾಂಡರ್ಡ್ ಎರರ್ 2. ಅದೇ ದತ್ತಾಂಶ, ಪಟ್ಟಿಯ ಉದ್ದ ಮೂರನೇ ಒಂದು. ಚಿತ್ರ ಅಚ್ಚುಕಟ್ಟಾಗಿ ಕಾಣಲಿ ಎಂದು ಚಿಕ್ಕದನ್ನು ಹಾಕುವವರುಂಟು. ಅಡಿಬರಹದಲ್ಲಿ ಯಾವುದೆಂದು ಹೇಳದಿದ್ದರೆ ಆ ಗ್ರಾಫಿನ ಬಗ್ಗೆ ನಿರ್ಣಯಕ್ಕೆ ಬರಬೇಡಿ.

ಮುಂದೆ ‘ಎನ್’, ಅಂದರೆ ಸ್ಯಾಂಪಲ್ಲಿನ ಗಾತ್ರ, ಎಷ್ಟು, ಯಾವುದರ ಎಣಿಕೆ ಎಂದು ನೋಡಿ. ಒಂದೇ ಕುಂಡದ ಗಿಡದಿಂದ ಮೂರು ಎಲೆ ಕಿತ್ತು ಅಳೆದು ‘ಎನ್ = 3’ ಎಂದು ಬರೆದರೆ ನಿಜವಾದ ಎನ್ ಒಂದೇ. ಆ ಕುಂಡದ ಮಣ್ಣು, ಬಿಸಿಲು, ನೀರು ಮೂರೂ ಎಲೆಗೆ ಸಮಾನ. ಒಂದೇ ಫ್ಲಾಸ್ಕಿನಿಂದ ಮೂರು ಸಲ ಪಿಪೆಟ್ ಮಾಡಿದರೆ ತಿಳಿಯುವುದು ಪಿಪೆಟ್ ಹಿಡಿದ ಕೈ ಎಷ್ಟು ಸ್ಥಿರ ಎಂಬುದು, ಜೀವಕೋಶಗಳ ವಿಚಾರ ಅಲ್ಲ. ಈ ಎಣಿಕೆಯ ಗೋಜಲು ಶಿಕ್ಷಣದ ಪೇಪರುಗಳಲ್ಲಿ ಇನ್ನೂ ದೊಡ್ಡದಾಗಿ ಬರುತ್ತದೆ, ಅಲ್ಲಿ ನೋಡೋಣ.

ಪಿ-ಬೆಲೆ ಎಂದರೆ ನಿಜವಾಗಿ ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಂಭವ. ಅದು 0.05ಕ್ಕಿಂತ ಕಡಿಮೆ ಎಂದು ಕಂಡರೆ ಎಷ್ಟು ಪರೀಕ್ಷೆಗಳಲ್ಲಿ ಅದು ಸಿಕ್ಕಿತು ಎಂದು ಎಣಿಸಿ. ನಿಜವಾಗಿ ಯಾವ ಪರಿಣಾಮವೂ ಇಲ್ಲದ ಇಪ್ಪತ್ತು ಸ್ವತಂತ್ರ ಹೋಲಿಕೆ ಮಾಡಿದರೂ ಒಂದಾದರೂ 0.05ರ ಗೆರೆ ದಾಟುವ ಸಂಭವ ಸುಮಾರು 64%. ಪೂರಕ ಮಾಹಿತಿಯ ಕಡತದಲ್ಲಿ ಹತ್ತೊಂಬತ್ತು ಸಪ್ಪೆ ಕೋಷ್ಟಕ ಇದ್ದು ಮುಖ್ಯ ಪೇಪರಿನಲ್ಲಿ ಒಂದೇ ಹೊಳೆಯುತ್ತಿದ್ದರೆ ಲೆಕ್ಕ ಹಾಕುವ ಕೆಲಸ ನಿಮ್ಮದು. ಪೂರಕ ಕಡತವನ್ನು ಇಳಿಸಿಕೊಳ್ಳದೆ ವಿಜ್ಞಾನದ ಪೇಪರ್ ಓದಿದ್ದೇನೆ ಎನ್ನುವಂತಿಲ್ಲ.

ಅಂಕಿಅಂಶ ಗಟ್ಟಿಯಾಗಿದ್ದೂ ಫಲಿತಾಂಶ ತಪ್ಪಾಗಬಹುದು. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಎಂಬ ಪ್ರಯೋಗದ ತಂಡ, ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಿಂದ ಸುಮಾರು 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸ್ಸೊಗೆ ಬಂದ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮುಂಚೆ ತಲುಪಿದವು ಎಂದು ವರದಿ ಮಾಡಿತು. ಆಕಸ್ಮಿಕ ಎನ್ನಲಾಗದಷ್ಟು, 6 ಸಿಗ್ಮಾ ಮಟ್ಟದ ಅಂತರ. ಮರುವರ್ಷ ಕಾರಣ ಸಿಕ್ಕಿತು: ಸಮಯ ಅಳೆಯುವ ವ್ಯವಸ್ಥೆಯಲ್ಲಿ ಫೈಬರ್ ಕೇಬಲ್ಲಿನ ಒಂದು ಜೋಡಣೆ ಸಡಿಲವಾಗಿತ್ತು. ಸಾವಿರ ಸಲ ಅಳೆದರೂ ಸಾವಿರ ಸಲವೂ ಒಂದೇ ಕಡೆಗೆ ತಪ್ಪುವ ದೋಷವನ್ನು ಪಿ-ಬೆಲೆಯಾಗಲಿ ಸಿಗ್ಮಾ ಆಗಲಿ ಹಿಡಿಯುವುದಿಲ್ಲ. ಆದ್ದರಿಂದ ವಿಧಾನದ ಭಾಗದಲ್ಲಿ ಉಪಕರಣವನ್ನು ಗೊತ್ತಿರುವ ಅಳತೆಯೊಂದರ ಜೊತೆ ತಾಳೆ ನೋಡಿದ್ದಾರೆಯೇ ಎಂದು ಹುಡುಕಿ. ಆ ವಾಕ್ಯ ಇಲ್ಲದಿದ್ದರೆ ಟಿಪ್ಪಣಿಯಲ್ಲಿ ‘ಕ್ಯಾಲಿಬ್ರೇಶನ್ ಹೇಳಿಲ್ಲ’ ಎಂದು ಬರೆಯಿರಿ.

ಗ್ರಾಫನ್ನು ದೊಡ್ಡದು ಮಾಡಿ ನೋಡುವ ಅಭ್ಯಾಸಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. 2018ರ ಜುಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಆರ್ಕೈವ್‌ನಲ್ಲಿ ಹಾಕಿದ ಪ್ರಿಪ್ರಿಂಟ್, ಚಿನ್ನದೊಳಗೆ ಬೆಳ್ಳಿಯ ನ್ಯಾನೊಕಣಗಳನ್ನು ಹುದುಗಿಸಿದ ವಸ್ತು 236 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅತಿವಾಹಕತೆಯ, ಅಂದರೆ ಪ್ರತಿರೋಧವೇ ಇಲ್ಲದೆ ವಿದ್ಯುತ್ ಹರಿಯುವ ಸ್ಥಿತಿಯ, ಲಕ್ಷಣ ತೋರಿತು ಎಂದು ಹೇಳಿತ್ತು. ಬ್ರಯಾನ್ ಸ್ಕಿನ್ನರ್ ಎಂಬ ಭೌತವಿಜ್ಞಾನಿ ಒಂದು ಗ್ರಾಫಿನ ಎರಡು ಬಣ್ಣದ ಬಿಂದುಸಾಲನ್ನು ಹಿಗ್ಗಿಸಿ ನೋಡಿದರು. ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ಅಳೆದ ಆ ಎರಡು ಸಾಲಿನ ಗದ್ದಲ, ಅಂದರೆ ಬಿಂದುಗಳ ಅಡ್ಡಾದಿಡ್ಡಿ ಏರಿಳಿತ, ಒಂದನ್ನು ಸರಿಸಿದರೆ ಇನ್ನೊಂದರ ಮೇಲೆ ಕೂರುವಂತಿತ್ತು. ಗದ್ದಲ ಎರಡು ಸಲ ಒಂದೇ ರೀತಿ ಬರುವುದಿಲ್ಲ ಎಂಬುದೇ ಅವರ ಆಕ್ಷೇಪದ ತಿರುಳು. ಲೇಖಕರು ಆಮೇಲೆ ಹೆಚ್ಚಿನ ದತ್ತಾಂಶ ಸೇರಿಸಿ ಪರಿಷ್ಕೃತ ಆವೃತ್ತಿ ಹಾಕಿದರು. ಇದನ್ನು ಗಮನಿಸಲು ಬೇಕಾದ್ದು ಪಿಡಿಎಫ್ ಅನ್ನು 400%ಗೆ ಹಿಗ್ಗಿಸುವ ತಾಳ್ಮೆ, ಅಷ್ಟೇ.

ಎಂಜಿನಿಯರಿಂಗ್: ಎಲ್ಲಿ ಪರೀಕ್ಷಿಸಿದರು?

ಎಂಜಿನಿಯರಿಂಗ್ ಪೇಪರ್ ಏನನ್ನೋ ಕಟ್ಟಿ ‘ಇದು ಹಳೆಯದಕ್ಕಿಂತ ಮೇಲು’ ಎನ್ನುತ್ತದೆ. ಹಾಗಾಗಿ ನೇರ ಫಲಿತಾಂಶದ ಕೋಷ್ಟಕಕ್ಕೆ ಹೋಗಿ ‘ಹಳೆಯದು’ ಯಾವುದು ಎಂದು ನೋಡಿ. ಹೊಸ ವಿಧಾನವನ್ನು ಆರು ತಿಂಗಳು ಪಳಗಿಸಿ, ಹೋಲಿಕೆಗೆ ಇಟ್ಟ ಹಳೆಯ ವಿಧಾನವನ್ನು ಬಂದ ಸೆಟ್ಟಿಂಗಿನಲ್ಲೇ ಓಡಿಸಿದ್ದರೆ ಗೆಲುವು ಮೊದಲೇ ನಿಶ್ಚಯವಾಗಿತ್ತು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆ ನೋಡಿ ರೋಗ ಗುರುತಿಸುವ ಪ್ರಾಜೆಕ್ಟ್ ಮಾಡದ ಬ್ಯಾಚ್ ಇಲ್ಲ. ಬಹುಪಾಲಿನವರು ಬಳಸುವುದು ಪ್ಲಾಂಟ್‌ವಿಲೇಜ್ ಚಿತ್ರಸಂಗ್ರಹ: 54,306 ಚಿತ್ರ, 14 ಬೆಳೆ, 38 ವರ್ಗ. 2016ರಲ್ಲಿ ಈ ಸಂಗ್ರಹದ ಮೇಲೆ ಪ್ರಕಟವಾದ ಪೇಪರ್ 99.35% ನಿಖರತೆಯನ್ನು ವರದಿ ಮಾಡಿತು. ಎಲ್ಲರೂ ಉದ್ಧರಿಸುವುದು ಈ ಸಂಖ್ಯೆಯನ್ನು. ಅದೇ ಪೇಪರಿನಲ್ಲಿ ಲೇಖಕರೇ ಪ್ರಾಮಾಣಿಕವಾಗಿ ಬರೆದ ಇನ್ನೊಂದು ಸಂಖ್ಯೆಯೂ ಇದೆ: ಬೇರೆ ಪರಿಸ್ಥಿತಿಯಲ್ಲಿ ತೆಗೆದ ಚಿತ್ರಗಳ ಮೇಲೆ, ಈ ಚಿತ್ರಗಳನ್ನು ನೋಡಿ ಕಲಿತ ಅದೇ ಕಂಪ್ಯೂಟರ್ ಮಾಡೆಲ್ಲನ್ನು ಓಡಿಸಿದಾಗ ನಿಖರತೆ 31%ರ ಆಸುಪಾಸಿಗೆ ಇಳಿಯಿತು.

ಕಾರಣ ಏನು? ಸಂಗ್ರಹದ ಚಿತ್ರಗಳಲ್ಲಿ ಎಲೆಯನ್ನು ಕಿತ್ತು ಸಾದಾ ಹಿನ್ನೆಲೆಯ ಮೇಲಿಟ್ಟು ಫೋಟೊ ತೆಗೆದಿದ್ದಾರೆ. ಒಂದೊಂದು ರೋಗದ ಚಿತ್ರಗಳು ಒಂದೊಂದು ಬೆಳಕಿನಲ್ಲಿ, ಒಂದೊಂದು ಹಿನ್ನೆಲೆಯಲ್ಲಿ ಬಂದಿದ್ದರೆ ಮಾಡೆಲ್ ಕಲಿಯುವುದು ಹಿನ್ನೆಲೆಯನ್ನು. 2022ರಲ್ಲಿ ಒಬ್ಬರು ಇದನ್ನು ನೇರ ಪರೀಕ್ಷಿಸಿದರು. ಎಲೆಯನ್ನು ನೋಡಲೇಬಾರದು ಎಂದು ಹಿನ್ನೆಲೆಯ ಬರೀ 8 ಪಿಕ್ಸೆಲ್‌ಗಳನ್ನು ಕೊಟ್ಟು ತರಬೇತಿ ಮಾಡಿದರೂ 49% ನಿಖರತೆ ಬಂತು. ಕಣ್ಣುಮುಚ್ಚಿ ಊಹಿಸಿದರೆ ಬರುವುದು 38ಕ್ಕೆ ಒಂದು, ಅಂದರೆ 2.6%.

ಆದ್ದರಿಂದ ಇಂಥ ಪೇಪರ್ ಓದುವಾಗ ಪರೀಕ್ಷೆಯ ಚಿತ್ರಗಳು ತರಬೇತಿಯ ಚಿತ್ರಗಳ ಜೊತೆಗೇ ಬಂದವೋ, ಬೇರೆ ಹೊಲದಿಂದ ಬೇರೆ ಕ್ಯಾಮೆರಾದಲ್ಲಿ ಬಂದವೋ ಎಂದು ಮೊದಲು ತಿಳಿಯಿರಿ. ಒಂದೇ ಎಲೆಯ ನಾಲ್ಕು ಫೋಟೊಗಳಲ್ಲಿ ಮೂರು ತರಬೇತಿಗೆ, ಒಂದು ಪರೀಕ್ಷೆಗೆ ಹೋಗಿದ್ದರೆ ಅದು ಪರೀಕ್ಷೆಯೇ ಅಲ್ಲ. ಚಿತ್ರಗಳನ್ನು ತಿರುಗಿಸಿ, ಮಗುಚಿ ಸಂಖ್ಯೆ ಹೆಚ್ಚಿಸಿದ್ದರೆ ಅದನ್ನು ಭಾಗ ಮಾಡಿದ ಮೇಲೆ ಮಾಡಿದ್ದಾರೋ ಮೊದಲೇ ಮಾಡಿದ್ದಾರೋ ನೋಡಿ. ಮೊದಲೇ ಮಾಡಿದ್ದರೆ ಅದೇ ಎಲೆ ಎರಡೂ ಕಡೆ ಇರುತ್ತದೆ. ವರ್ಗಗಳು ಸಮನಾಗಿಲ್ಲದಿದ್ದರೆ ನಿಖರತೆ ಎಂಬ ಒಂದೇ ಸಂಖ್ಯೆಗೆ ಅರ್ಥವಿಲ್ಲ: 95% ಎಲೆ ಆರೋಗ್ಯವಾಗಿದ್ದರೆ ‘ಎಲ್ಲವೂ ಆರೋಗ್ಯ’ ಎನ್ನುವ ಮಾಡೆಲ್ಲಿಗೂ 95% ಅಂಕ.

ಸಿವಿಲ್‌ನವರಿಗೆ ಇದೇ ಮಾತು ಬೇರೆ ವೇಷದಲ್ಲಿ. ಸಿಮೆಂಟಿನ ಒಂದು ಪಾಲಿಗೆ ಬದಲು ಫ್ಲೈ ಆ್ಯಶ್, ಅಂದರೆ ಕಲ್ಲಿದ್ದಲು ಉರಿಸಿದಾಗ ಸಿಗುವ ನುಣುಪು ಬೂದಿ, ಹಾಕಿದ ಕಾಂಕ್ರೀಟಿನ ಪೇಪರ್ ತೆಗೆದುಕೊಳ್ಳಿ. 150 ಮಿ.ಮೀ. ಕ್ಯೂಬ್, 28 ದಿನದ ಬಲ, ಮೂರು ಕ್ಯೂಬಿನ ಸರಾಸರಿ. ಇಲ್ಲಿಯವರೆಗೆ ಎಲ್ಲ ಪೇಪರೂ ಒಂದೇ. ಕೋಷ್ಟಕದಲ್ಲಿ ಬಿಡಿ ಕ್ಯೂಬುಗಳ ಬೆಲೆ ಕೊಟ್ಟಿದ್ದಾರೆಯೇ ನೋಡಿ. ಕಾಂಕ್ರೀಟಿಗೆ ಇರುವ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಯಾವ ಕ್ಯೂಬೂ ಸರಾಸರಿಯಿಂದ 15%ಗಿಂತ ಆಚೀಚೆ ಹೋಗಬಾರದು. 34, 33, 24 ಎಂಬ ಮೂರು ಬೆಲೆಯ ಸರಾಸರಿ 30.3, ಮಿತಿ 25.8ರಿಂದ 34.9. 24 ಹೊರಗೆ ಬಿತ್ತು, ಆ ಸ್ಯಾಂಪಲ್ಲಿನ ಫಲಿತಾಂಶವೇ ಅಸಿಂಧು. ಬರೀ ‘30.3’ ಎಂದು ಅಚ್ಚು ಹಾಕಿದ ಪೇಪರಿನಲ್ಲಿ ಇದು ಕಾಣುವುದೇ ಇಲ್ಲ.

ಮಿಶ್ರಣದ ಕೋಷ್ಟಕದಲ್ಲಿ ಇನ್ನೊಂದು ಬಲೆ. ಫ್ಲೈ ಆ್ಯಶ್ ಪ್ರಮಾಣ ಬದಲಿಸುವಾಗ ನೀರು-ಸಿಮೆಂಟ್ ಅನುಪಾತವೂ, ಕಡಿಮೆ ನೀರಿನಲ್ಲೇ ಕಾಂಕ್ರೀಟನ್ನು ಮೆದು ಮಾಡುವ ಸೂಪರ್‌ಪ್ಲಾಸ್ಟಿಸೈಸರ್ ಪ್ರಮಾಣವೂ ಜೊತೆಗೇ ಬದಲಾಗಿದ್ದರೆ ಬಲ ಹೆಚ್ಚಿದ್ದು ಯಾವುದರಿಂದ ಎಂದು ಹೇಳಲಾಗದು. ಸಾಲುಸಾಲಾಗಿ ಬೆರಳಿಟ್ಟು ನೋಡಿ: ಒಂದು ಸಾಲಿನಿಂದ ಮುಂದಿನದಕ್ಕೆ ಒಂದೇ ಅಂಕಣ ಬದಲಾಗಬೇಕು.

ಶಿಕ್ಷಣ: ಎಷ್ಟು ಮಕ್ಕಳು ಎನ್ನುವುದಕ್ಕಿಂತ ಎಷ್ಟು ತರಗತಿ

ಶಿಕ್ಷಣದ ಪೇಪರನ್ನು ಸ್ಯಾಂಪಲ್ ಭಾಗದಿಂದ ಓದಲು ಶುರುಮಾಡಿ. ಎಂ.ಎಡ್. ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ವಿನ್ಯಾಸ ಹೀಗೆ: ಒಂದು ಪ್ರೌಢಶಾಲೆ, 9ನೇ ತರಗತಿಯ ಎ ವಿಭಾಗಕ್ಕೆ ಹೊಸ ಬೋಧನಾ ವಿಧಾನ, ಬಿ ವಿಭಾಗಕ್ಕೆ ರೂಢಿಯದು, ತಲಾ 30 ಮಕ್ಕಳು, ಪೂರ್ವಪರೀಕ್ಷೆ, ನಂತರದ ಪರೀಕ್ಷೆ, ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್, ‘ಹೊಸ ವಿಧಾನ ಪರಿಣಾಮಕಾರಿ’. ಎ ವಿಭಾಗಕ್ಕೆ ಪಾಠ ಮಾಡಿದ್ದು ಸಂಶೋಧಕರೇ, ಬಿ ವಿಭಾಗಕ್ಕೆ ಶಾಲೆಯ ಮೇಡಂ. ಇಲ್ಲಿ ವಿಧಾನವನ್ನೂ ಬೋಧಿಸಿದವರನ್ನೂ ಬೇರ್ಪಡಿಸುವ ದಾರಿಯೇ ಇಲ್ಲ. ಮಕ್ಕಳು ಅರವತ್ತಿದ್ದರೂ ಹೋಲಿಕೆ ಒಂದು ತರಗತಿಗೂ ಇನ್ನೊಂದು ತರಗತಿಗೂ. ಮೂರು ಎಲೆ ಕಿತ್ತ ಕುಂಡದ ಕಥೆಯೇ ಇದು.

ಲೆಕ್ಕ ಹಾಕಿ ನೋಡಬಹುದು. ಒಂದೇ ತರಗತಿಯ ಮಕ್ಕಳ ಅಂಕಗಳು ಎಷ್ಟು ಒಂದೇ ತರ ಇರುತ್ತವೆ ಎಂಬುದಕ್ಕೆ ಇಂಟ್ರಾಕ್ಲಾಸ್ ಕೋರಿಲೇಶನ್ ಎಂಬ ಅಳತೆ ಇದೆ. ಅದು 0.2, ತರಗತಿಗೆ 30 ಮಕ್ಕಳು ಎನ್ನೋಣ. ಸೂತ್ರ: 1 + (30 − 1) × 0.2 = 6.8. ಎಂಟು ತರಗತಿಯ 240 ಮಕ್ಕಳನ್ನು 6.8ರಿಂದ ಭಾಗಿಸಿದರೆ 35. ಅಂದರೆ 240 ಮಕ್ಕಳ ಈ ಅಧ್ಯಯನದಲ್ಲಿ ಇರುವ ಮಾಹಿತಿ ಅಲ್ಲಲ್ಲಿಂದ ಆರಿಸಿದ 35 ಮಕ್ಕಳಷ್ಟು. ಸಾಮಾನ್ಯ ಟಿ-ಟೆಸ್ಟ್ 240ನ್ನೂ ಎಣಿಸಿ ಪಿ-ಬೆಲೆಯನ್ನು ಸುಳ್ಳೇ ಚಿಕ್ಕದು ಮಾಡುತ್ತದೆ. ಪೇಪರಿನಲ್ಲಿ ‘ಕ್ಲಸ್ಟರ್’ ಅಥವಾ ‘ಮಲ್ಟಿಲೆವೆಲ್’ ಎಂಬ ಪದ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಅದರ ಪಿ-ಬೆಲೆಯನ್ನು ನಂಬಬೇಡಿ.

ಒಳ್ಳೆಯ ವಿನ್ಯಾಸ ಹೇಗಿರುತ್ತದೆ ಎನ್ನಲು ಪಕ್ಕದ ಆಂಧ್ರದ ಅಧ್ಯಯನ ನೋಡಿ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್, ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ, ಮಕ್ಕಳ ಕಲಿಕೆ ಸುಧಾರಿಸಿದರೆ ಶಿಕ್ಷಕರಿಗೆ ಬೋನಸ್ ಕೊಟ್ಟರೆ ಏನಾಗುತ್ತದೆ ಎಂದು ಪರೀಕ್ಷಿಸಿದರು. ಪೇಪರ್ 2011ರಲ್ಲಿ ಬಂತು. 100 ಸರ್ಕಾರಿ ಶಾಲೆಗೆ ಗುಂಪು ಬೋನಸ್, 100ಕ್ಕೆ ವೈಯಕ್ತಿಕ ಬೋನಸ್, 100ಕ್ಕೆ ಏನೂ ಇಲ್ಲ. ಯಾವ ಶಾಲೆಗೆ ಯಾವುದು ಎಂಬುದು ಲಾಟರಿಯಿಂದ. ಎರಡು ವರ್ಷದ ಕೊನೆಗೆ ಬೋನಸ್ ಶಾಲೆಗಳ ಮಕ್ಕಳು ಗಣಿತದಲ್ಲಿ 0.27, ಭಾಷೆಯಲ್ಲಿ 0.17 ಮಾನಕ ವಿಚಲನೆಯಷ್ಟು ಮುಂದಿದ್ದರು.

ಈ 0.27 ಎಂಬುದನ್ನು ಅಂಕಕ್ಕೆ ಇಳಿಸಿಕೊಳ್ಳಲು ಕಲಿಯಿರಿ. ಪರೀಕ್ಷೆಯ ಮಾನಕ ವಿಚಲನೆ 20 ಅಂಕವಾದರೆ 0.27 ಎಂದರೆ 5.4 ಅಂಕ. ಇನ್ನೊಂದು ರೀತಿ ಹೇಳುವುದಾದರೆ ನೂರು ಮಕ್ಕಳ ಸಾಲಿನಲ್ಲಿ ನಡುವೆ ನಿಂತ ಮಗು ಸುಮಾರು ಹತ್ತು ಮಂದಿಯನ್ನು ದಾಟಿತು. ಸರ್ಕಾರಿ ಶಾಲೆಗಳ ನಿಜ ಪರಿಸ್ಥಿತಿಯಲ್ಲಿ, ನೂರಾರು ಶಾಲೆಗಳಲ್ಲಿ ಸಿಕ್ಕ ಈ ಅಂತರ ದೊಡ್ಡದೇ. ಒಂದು ಶಾಲೆಯ ಎರಡು ವಿಭಾಗ, ಹದಿನೈದು ದಿನದ ಪಾಠ, ಸಂಶೋಧಕರೇ ಮಾಡಿದ ಪ್ರಶ್ನೆಪತ್ರಿಕೆ, ಇಷ್ಟರಲ್ಲಿ 1.5 ಮಾನಕ ವಿಚಲನೆಯ ಪರಿಣಾಮ ಬಂದಿದೆ ಎಂದರೆ ಸಂತೋಷಪಡುವ ಮೊದಲು ಪ್ರಶ್ನೆಪತ್ರಿಕೆ ನೋಡಿ. ಹೊಸ ವಿಧಾನದಲ್ಲಿ ಹೇಳಿಕೊಟ್ಟದ್ದನ್ನೇ ಅದು ಕೇಳಿರುತ್ತದೆ.

ಹೋಲಿಕೆಗಾಗಿ ತರಬೇತಿ ಕೊಡದೆ ಬಿಟ್ಟ ಕಂಟ್ರೋಲ್ ಗುಂಪಿಲ್ಲದೆ ‘ಹಿಂದುಳಿದ 20 ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟೆವು, ಅಂಕ ಏರಿತು’ ಎನ್ನುವ ಪೇಪರನ್ನು ಬದಿಗಿಡಿ. ಒಂದು ಪರೀಕ್ಷೆಯಲ್ಲಿ ತೀರಾ ಕಡಿಮೆ ತೆಗೆದವರಲ್ಲಿ ಆ ದಿನ ಜ್ವರ ಬಂದವರು, ಪ್ರಶ್ನೆ ತಪ್ಪಾಗಿ ಓದಿದವರು ಇದ್ದೇ ಇರುತ್ತಾರೆ. ಏನೂ ಮಾಡದೆ ಮತ್ತೊಮ್ಮೆ ಪರೀಕ್ಷೆ ಕೊಟ್ಟರೂ ಆ ಗುಂಪಿನ ಸರಾಸರಿ ಮೇಲೇರುತ್ತದೆ.

ಸಂದರ್ಶನ, ತರಗತಿ ವೀಕ್ಷಣೆಯ ಗುಣಾತ್ಮಕ ಅಧ್ಯಯನಗಳಿಗೆ ಈ ಲೆಕ್ಕಗಳನ್ನು ಹಚ್ಚಬಾರದು. ಅಲ್ಲಿ ಆರು ಜನ ಶಿಕ್ಷಕರೂ ಸಾಕಾಗಬಹುದು. ನೋಡಬೇಕಾದ್ದು ಬೇರೆ: ಆ ಆರು ಜನರನ್ನೇ ಏಕೆ ಆರಿಸಿದರು, ಎಷ್ಟು ಹೊತ್ತು ಮಾತಾಡಿದರು, ಯಾವ ಭಾಷೆಯಲ್ಲಿ, ಅನುವಾದ ಮಾಡಿದವರು ಯಾರು, ತಮ್ಮ ವಾದಕ್ಕೆ ಒಗ್ಗದ ಮಾತನ್ನೂ ಉದ್ಧರಿಸಿದ್ದಾರೆಯೇ. ಎಲ್ಲ ಉದ್ಧರಣೆಯೂ ಒಂದೇ ರಾಗ ಹಾಡುತ್ತಿದ್ದರೆ ಆರಿಸಿ ಹಾಕಿದ್ದಾರೆಂದು ತಿಳಿಯಿರಿ.

ಬರೆದಿಡುವುದು

ಪಿಡಿಎಫ್ ಮೇಲೆ ಹಳದಿ ಬಣ್ಣ ಬಳಿಯುವುದು ಟಿಪ್ಪಣಿ ಅಲ್ಲ. ಒಂದು ಸ್ಪ್ರೆಡ್‌ಶೀಟ್ ತೆರೆದು ಪೇಪರಿಗೊಂದು ಸಾಲು ಕೊಡಿ. ಅಂಕಣಗಳು: ಡಿಒಐ ಮತ್ತು ಆವೃತ್ತಿ, ಪ್ರಶ್ನೆ, ಯಾವುದನ್ನು ಯಾವುದರ ಜೊತೆ ಹೋಲಿಸಿದರು, ಎಣಿಕೆಯ ಘಟಕ ಮತ್ತು ನಿಜವಾದ ಎನ್, ಅಳತೆಯ ಸಾಧನ, ಮುಖ್ಯ ಸಂಖ್ಯೆ ಅದರ ಪುಟ-ಕೋಷ್ಟಕ ಸಮೇತ, ಪರಿಸ್ಥಿತಿ, ನಿಮ್ಮ ಅನುಮಾನ. ಕೊನೆಯ ಅಂಕಣ ಖಾಲಿ ಉಳಿದರೆ ಆ ಪೇಪರನ್ನು ನೀವಿನ್ನೂ ಓದಿಲ್ಲ.

ಸಾರವನ್ನು ಪಿಡಿಎಫ್ ಮುಚ್ಚಿ ಬರೆಯಿರಿ, ಆಮೇಲೆ ತೆರೆದು ಸಂಖ್ಯೆಗಳನ್ನು ಸರಿನೋಡಿ. ತೆರೆದಿಟ್ಟುಕೊಂಡು ಬರೆದರೆ ಅವರದೇ ವಾಕ್ಯ ನುಸುಳುತ್ತದೆ. ಯುಜಿಸಿಯ 2018ರ ಕೃತಿಚೌರ್ಯದ ನಿಯಮದಲ್ಲಿ 10%ವರೆಗಿನ ಹೋಲಿಕೆಗೆ ದಂಡವಿಲ್ಲ, 10ರಿಂದ 40%, 40ರಿಂದ 60%, ಅದಕ್ಕೂ ಮೇಲೆ ಎಂದು ಮೂರು ಹಂತದ ಕ್ರಮಗಳಿವೆ. ಹೋಲಿಕೆ ಹಿಡಿಯುವ ತಂತ್ರಾಂಶವನ್ನು ತಪ್ಪಿಸಲು ಪದ ಅದಲುಬದಲು ಮಾಡುವವರ ವಾಕ್ಯ ಓದಿದ ಕೂಡಲೇ ಗೊತ್ತಾಗುತ್ತದೆ. ಅದರಲ್ಲಿ ಯಾರೂ ಬಳಸದ ಪಾರಿಭಾಷಿಕಗಳು ತುಂಬಿರುತ್ತವೆ.

ಎರಡು ಪೇಪರ್ ಜಗಳವಾಡಿದರೆ

ಒಬ್ಬರು ಫ್ಲೈ ಆ್ಯಶ್‌ನಿಂದ ಬಲ ಕುಗ್ಗಿತು ಎನ್ನುತ್ತಾರೆ, ಇನ್ನೊಬ್ಬರು ಹೆಚ್ಚಿತು ಎನ್ನುತ್ತಾರೆ. ಯಾರು ಸರಿ ಎಂದು ಕೇಳುವ ಮೊದಲು ಪರಿಸ್ಥಿತಿಯ ಅಂಕಣವನ್ನು ಪಕ್ಕಪಕ್ಕ ಇಡಿ. ಮೊದಲನೆಯವರು 28 ದಿನಕ್ಕೆ ನಿಲ್ಲಿಸಿದ್ದಾರೆ, ಎರಡನೆಯವರು 90 ದಿನಕ್ಕೆ ಅಳೆದಿದ್ದಾರೆ. ಸಿಮೆಂಟ್ ನೀರಿನೊಡನೆ ಕೂಡಿ ಬಿಡುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಫ್ಲೈ ಆ್ಯಶ್ ನಿಧಾನವಾಗಿ ವರ್ತಿಸುತ್ತದೆ, ಬಲ ತಡವಾಗಿ ಬರುತ್ತದೆ. ಇಬ್ಬರೂ ಸರಿ. ನಿಮ್ಮ ಸರ್ವೆಯಲ್ಲಿ ಬರೆಯಬೇಕಾದ ವಾಕ್ಯ ಇದು, ಎರಡು ಪೇಪರಿನ ಎರಡು ಸಾರಾಂಶ ಅಲ್ಲ.

ಶಿಕ್ಷಣದಲ್ಲೂ ಹಾಗೆಯೇ. ಅಮೆರಿಕದ ಟೆನೆಸಿಯಲ್ಲಿ 1985ರಿಂದ 1989ರವರೆಗೆ 79 ಶಾಲೆಗಳಲ್ಲಿ ನಡೆದ ಸ್ಟಾರ್ ಪ್ರಯೋಗ, 22–25 ಮಕ್ಕಳ ತರಗತಿಗಿಂತ 13–17 ಮಕ್ಕಳ ತರಗತಿ ಮೇಲು ಎಂದು ತೋರಿಸಿತು. 1996ರಲ್ಲಿ ಕ್ಯಾಲಿಫೋರ್ನಿಯ ಇಡೀ ರಾಜ್ಯದಲ್ಲಿ ತರಗತಿ ಚಿಕ್ಕದು ಮಾಡಹೊರಟಾಗ ಅಷ್ಟು ಶಿಕ್ಷಕರು ಸಿಗದೆ ಪೂರ್ಣ ಅರ್ಹತೆ ಇಲ್ಲದವರನ್ನೂ ತೆಗೆದುಕೊಳ್ಳಬೇಕಾಯಿತು. ಪ್ರಯೋಗದಲ್ಲಿ ಬದಲಾದದ್ದು ಮಕ್ಕಳ ಸಂಖ್ಯೆ ಮಾತ್ರ, ರಾಜ್ಯದಲ್ಲಿ ಶಿಕ್ಷಕರೂ ಬದಲಾದರು. ನಮ್ಮ ಎಷ್ಟೋ ಹಳ್ಳಿಶಾಲೆಗಳಲ್ಲಿ ಮಕ್ಕಳು ಹದಿನೈದಕ್ಕೂ ಕಡಿಮೆ, ಆದರೆ ಒಬ್ಬ ಶಿಕ್ಷಕರ ಮುಂದೆ ಮೂರು ತರಗತಿ. ಸ್ಟಾರ್‌ನ ಸಂಖ್ಯೆಯನ್ನು ಅಲ್ಲಿಗೆ ಎತ್ತಿ ಅಂಟಿಸುವುದು ಸಲ್ಲದು.

ಲೇಖಕರಿಗೆ ಬರೆಯುವುದು

ಇಷ್ಟೆಲ್ಲ ನೋಡಿದ ಮೇಲೂ ಒಂದು ವಿವರ ಸಿಗದಿದ್ದರೆ ‘ಕರೆಸ್ಪಾಂಡಿಂಗ್ ಆಥರ್’ ಎಂದಿರುವವರಿಗೆ ಮೇಲ್ ಮಾಡಿ. ವಿಷಯದ ಸಾಲಿನಲ್ಲಿ ಅವರ ಪೇಪರಿನ ಶೀರ್ಷಿಕೆ ಇರಲಿ. ನೀವು ಯಾರು ಎಂದು ಒಂದು ಸಾಲು, ಪ್ರಶ್ನೆ ಒಂದೇ: ‘ಕೋಷ್ಟಕ 3ರಲ್ಲಿ ಎನ್ = 12 ಎಂದಿದೆ; ಅದು 12 ಗಿಡವೋ, 4 ಗಿಡದ 12 ಎಲೆಯೋ?’ ‘ನಿಮ್ಮ ಸಂಶೋಧನೆ ಬಗ್ಗೆ ವಿವರ ಕಳಿಸಿ’ ಎಂಬ ಮೇಲ್‌ಗೆ ಉತ್ತರ ಬರುವುದಿಲ್ಲ, ಪುಟಸಂಖ್ಯೆ ಹಾಕಿ ಕೇಳಿದ ಪ್ರಶ್ನೆಗೆ ಬರುವ ಸಾಧ್ಯತೆ ಹೆಚ್ಚು. ಎರಡು ವಾರ ಕಾದು ಒಮ್ಮೆ ನೆನಪಿಸಿ. ಮೊದಲ ಲೇಖಕರು ವಿದ್ಯಾರ್ಥಿಯಾಗಿದ್ದರೆ ಅವರಿಗೂ ಪ್ರತಿ ಹಾಕಿ. ಅಳತೆ ಮಾಡಿದವರು ಅವರೇ ಆಗಿರುತ್ತಾರೆ, ಲ್ಯಾಬ್ ಪುಸ್ತಕವೂ ಅವರ ಬಳಿಯೇ ಇರುತ್ತದೆ.